ಚೀಟಿಯೊಡನೆ ಹೊಣೆಯೂ ಸಾಗಬೇಕು

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯನ್ನು ಕಳುಹಿಸುವಾಗ ವೈದ್ಯರು ಬರೆದುಕೊಡುವ ಚೀಟಿ ಅಂಗೈಯಗಲದ ಒಂದು ಕಾಗದ. ರೋಗಿಯ ಹೆಸರು, ವಯಸ್ಸು, ರೋಗದ ಎರಡು ಸಾಲಿನ ವಿವರ, ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ ಎಂಬ ಒಕ್ಕಣೆ, ಕೆಳಗೆ ಸಹಿ ಮತ್ತು ಮುದ್ರೆ. ಇಷ್ಟೇ. ಆದರೂ ಕಾಸರಗೋಡು ಜಿಲ್ಲೆಯ ಉತ್ತರದ ಗ್ರಾಮಗಳಲ್ಲಿ ‘ರೆಫರ್ ಮಾಡಿದ್ದಾರೆ’ ಎಂಬ ಮಾತು ಅಂಗಳಕ್ಕೆ ಬಂದೊಡನೆ ಮನೆಮಂದಿಯ ಮುಖ ಬಾಡುತ್ತದೆ. ಹಣ ಎಷ್ಟು ಹೊಂದಿಸಬೇಕು, ವಾಹನ ಯಾರದು, ಜೊತೆಗೆ ಹೋಗುವವರು ಯಾರು, ಶಾಲೆಗೆ ಹೋಗುವ ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಈ ಗಡಿಬಿಡಿಯಲ್ಲಿ ಯಾರೂ ಕೇಳದೆ ಉಳಿಯುವ ಪ್ರಶ್ನೆ ಇನ್ನೊಂದಿದೆ. ಚೀಟಿ ಬರೆದಾದ ಮೇಲೆ, ಮುಂದಿನ ಆಸ್ಪತ್ರೆಯ ಹಾಸಿಗೆ ದೊರಕುವವರೆಗೆ, ಆ ರೋಗಿಯ ಹೊಣೆ ಯಾರದು?

ಬರೆದುಕೊಟ್ಟವರು ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಸ್ವೀಕರಿಸಬೇಕಾದವರು ತಮ್ಮ ಕರ್ತವ್ಯ ಇನ್ನೂ ಆರಂಭವಾಗಿಲ್ಲವೆಂದು ತಿಳಿಯುತ್ತಾರೆ. ನಡುವಿನ ದಾರಿಯಲ್ಲಿ ರೋಗಿಯ ಜೊತೆಗಿರುವುದು ಆ ಕಾಗದ ಮತ್ತು ಬಂಧುಗಳ ಧೈರ್ಯ ಮಾತ್ರ.

ಈ ನಡುದಾರಿಯ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಒಮ್ಮೆ ಸ್ಪಷ್ಟವಾಗಿ ಬಂದುನಿಂತಿತ್ತು. ಪಶ್ಚಿಮ ಬಂಗಾಳದ ಕೃಷಿಕೂಲಿಕಾರರ ಸಂಘಟನೆಯೊಂದಕ್ಕೆ ಸೇರಿದ ಹಕೀಂ ಶೇಖ್ ಎಂಬವರು 1992ರ ಜುಲೈ 8ರ ಸಂಜೆ ಮಥುರಾಪುರ ನಿಲ್ದಾಣದಲ್ಲಿ ರೈಲಿನಿಂದ ಬಿದ್ದು ತಲೆಗೆ ತೀವ್ರವಾಗಿ ಪೆಟ್ಟು ಮಾಡಿಕೊಂಡರು. ಮಥುರಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿರಲಿಲ್ಲ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಒಯ್ಯುವಂತೆ ಬರೆದುಕೊಟ್ಟರು. ನಡುರಾತ್ರಿಯ ಹೊತ್ತಿಗೆ ಕೋಲ್ಕತ್ತದ ಮೊದಲ ಸರಕಾರಿ ಆಸ್ಪತ್ರೆ ತಲಪಿದಾಗ ಕ್ಷಕಿರಣ ತೆಗೆದು, ಕೂಡಲೇ ದಾಖಲಾಗಬೇಕೆಂದು ಹೇಳಿದರು. ಆದರೆ ಹಾಸಿಗೆ ಖಾಲಿ ಇರಲಿಲ್ಲ. ಎರಡನೆಯದರಲ್ಲಿಯೂ ಇರಲಿಲ್ಲ. ಮೂರನೆಯದು ಇನ್ನೊಂದು ಕಡೆಗೆ ಕಳುಹಿಸಿತು. ಹೀಗೆ ಇಡೀ ರಾತ್ರಿ, ಮರುದಿನದ ಬೆಳಗ್ಗೆಯೂ, ಒಂದಾದ ಮೇಲೊಂದರಂತೆ ಸರಕಾರಿ ಆಸ್ಪತ್ರೆಗಳ ಬಾಗಿಲು ತಟ್ಟಿ, ಕೊನೆಗೆ ಅವರನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಅಲ್ಲಿ ಸುಮಾರು 17,000 ರೂಪಾಯಿ ಖರ್ಚಾಯಿತು. ಅವರು ಬದುಕಿದರು, ಬದುಕಿದ್ದರಿಂದಲೇ ಕೇಳಲು ಸಾಧ್ಯವಾಯಿತು.

ರಾಜ್ಯ ಸರಕಾರ ನಿವೃತ್ತ ನ್ಯಾಯಮೂರ್ತಿ ಲೀಲಾಮಯ ಘೋಷ್ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಆ ಸಮಿತಿ ಘಟನೆಯನ್ನು ವಿಧಿಯ ಆಟವೆಂದು ಬಿಟ್ಟುಬಿಡಲಿಲ್ಲ. ಯಾವ ಹೊತ್ತಿಗೆ ಯಾವ ಬಾಗಿಲಲ್ಲಿ ಯಾರು ಏನು ಹೇಳಿದರು ಎಂಬುದನ್ನು ಒಂದೊಂದಾಗಿ ಪರಿಶೀಲಿಸಿ, ತಪ್ಪು ಎಲ್ಲಿ ನಡೆಯಿತೆಂದು ಗುರುತಿಸಿ, ಮುಂದೆ ಹಾಗಾಗದಂತೆ ಏನು ಮಾಡಬೇಕೆಂಬ ಸಲಹೆಗಳನ್ನು ಕೊಟ್ಟಿತು. 1996ರ ಮೇ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೆಯ ವಿಧಿಯು ನೀಡಿದ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. 25,000 ರೂಪಾಯಿ ಪರಿಹಾರ ವಿಧಿಸಿತು. ಹಣವಿಲ್ಲವೆಂಬ ನೆಪ ಸರಕಾರಕ್ಕೆ ಸಲ್ಲದೆಂದು ಹೇಳಿತು. ಪ್ರಾಥಮಿಕ ಕೇಂದ್ರದಲ್ಲಿಯೇ ರೋಗಿಯ ಸ್ಥಿತಿಯನ್ನು ಸ್ಥಿರಗೊಳಿಸುವ ಏರ್ಪಾಡು, ಜಿಲ್ಲಾ ಮಟ್ಟದ ಆಸ್ಪತ್ರೆಗಳ ಸುಧಾರಣೆ, ಎಲ್ಲಿ ಹಾಸಿಗೆ ಖಾಲಿ ಇದೆಯೆಂದು ಮೊದಲೇ ತಿಳಿದು ಅಲ್ಲಿಗೇ ಕಳುಹಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ, ಸುಸಜ್ಜಿತ ಆಂಬ್ಯುಲೆನ್ಸ್, ಇವು ಆ ತೀರ್ಪಿನ ಮುಖ್ಯ ನಿರ್ದೇಶಗಳು. ಉಳಿದ ರಾಜ್ಯಗಳೂ ಇವನ್ನು ಅನುಸರಿಸಬೇಕೆಂದು ನ್ಯಾಯಾಲಯ ಸೂಚಿಸಿತು.

ಈ ತೀರ್ಪಿನಲ್ಲಿ ಅಡಗಿರುವ ತತ್ತ್ವವನ್ನು ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಹೆಣ್ಣುಮಗಳನ್ನು ತವರಿನಿಂದ ಕಳುಹಿಸುವಾಗ ಅತ್ತ ಮುಟ್ಟಿದ ಸುದ್ದಿ ಬರುವವರೆಗೆ ಹೆತ್ತವರು ನಿದ್ರಿಸುವುದಿಲ್ಲ. ರೋಗಿಯನ್ನು ಕಳುಹಿಸುವ ಆಸ್ಪತ್ರೆಯೂ ಮುಟ್ಟಿದ ಸುದ್ದಿಗೆ ಕಾಯಬೇಕು. ಆದರೆ ಆಸ್ಪತ್ರೆ ಎಂಬುದು ಹೆತ್ತ ಕರುಳಲ್ಲ, ಸಂಸ್ಥೆ. ಸಂಸ್ಥೆಗೆ ನೆನಪು ಇರುವುದು ಅದರ ದಾಖಲೆ ಪುಸ್ತಕದಲ್ಲಿ; ಮನಸ್ಸಾಕ್ಷಿ ಇರುವುದು ಆ ಪುಸ್ತಕವನ್ನು ತೆರೆದು ಪ್ರಶ್ನೆ ಕೇಳುವ ಸಮಿತಿಯಲ್ಲಿ. ಸಮಿತಿ ಎಂಬ ಶಬ್ದ ಕೇಳಿ ಆಕಳಿಸುವವರು ಬಹಳ. ಚಹಾ, ಬಿಸ್ಕತ್ತು, ಹಿಂದಿನ ಸಭೆಯ ವರದಿ, ವಂದನಾರ್ಪಣೆ ಎಂಬಷ್ಟಕ್ಕೇ ಹಲವು ಸಮಿತಿಗಳು ಮುಗಿಯುವುದರಿಂದ ಅವರನ್ನು ದೂಷಿಸುವಂತಿಲ್ಲ. ಆದರೆ ರೋಗಿಯ ನಡುದಾರಿಯನ್ನು ಕಾಯಲು ಬೇರೆ ಯಾವ ಸಾಧನವನ್ನೂ ಆಡಳಿತ ಇದುವರೆಗೆ ಕಂಡುಕೊಂಡಿಲ್ಲ.

ಕಾಸರಗೋಡಿನಲ್ಲಿ ಈ ನಡುದಾರಿಗೆ ಇನ್ನೊಂದು ತೊಡಕಿದೆ. 1984ರ ಮೇ 24ರಂದು ಜಿಲ್ಲೆಯಾಗಿ ರೂಪುಗೊಂಡ ಈ ನಾಡಿನ ಆಡಳಿತದ ದಾರಿ ತೆಂಕಣಕ್ಕೆ, ರೋಗಿಯ ದಾರಿ ಬಡಗಣಕ್ಕೆ. ಕಾಗದದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಕಾಸರಗೋಡಿನ ಜನರಲ್ ಆಸ್ಪತ್ರೆಗೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗೆ, ಅದನ್ನೂ ದಾಟಿ ಕಣ್ಣೂರು ಜಿಲ್ಲೆಯ ಪರಿಯಾರಂ ವೈದ್ಯಕೀಯ ಕಾಲೇಜಿಗೆ ರೋಗಿ ಸಾಗಬೇಕು. ಆದರೆ ಮಂಜೇಶ್ವರ, ಉಪ್ಪಳ, ಪೈವಳಿಕೆ, ಪೆರ್ಲ, ಬದಿಯಡ್ಕದ ಜನ ತಲೆಮಾರುಗಳಿಂದ ಹೋಗುತ್ತಿರುವುದು ಮಂಗಳೂರಿಗೆ. ತಲಪಾಡಿಯಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಅಲ್ಲಿಯ ವೈದ್ಯರಿಗೆ ತುಳು ತಿಳಿಯುತ್ತದೆ, ದಾದಿಯರಿಗೆ ಕನ್ನಡ ತಿಳಿಯುತ್ತದೆ, ಔಷಧದ ಅಂಗಡಿಯ ಫಲಕವನ್ನು ಅಜ್ಜಿಯ ಜೊತೆಗೆ ಹೋದ ಐದನೆಯ ತರಗತಿಯ ಮೊಮ್ಮಗಳೂ ಓದಬಲ್ಲಳು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹೃದ್ರೋಗಿಗಳು, ಹೆರಿಗೆಗೆ ಹೊರಟವರು ರಾಜ್ಯದ ಗಡಿಯನ್ನು ಗಡಿಯೆಂದು ಎಣಿಸದೆಯೇ ದಾಟುತ್ತ ಬಂದರು. ಈ ದಾರಿಯನ್ನು ಯಾವ ಸರಕಾರವೂ ರೂಪಿಸಲಿಲ್ಲ. ಆದ್ದರಿಂದಲೇ ಇದನ್ನು ಕಾಯುವ ಸಮಿತಿಯೂ ಇರಲಿಲ್ಲ.

ಇರಲಿಲ್ಲವೆಂಬುದು ಎಲ್ಲರಿಗೂ ತಿಳಿದದ್ದು 2020ರ ಮಾರ್ಚ್ ಕೊನೆಯ ವಾರದಲ್ಲಿ. ಕೊರೋನಾ ಹರಡುವ ಭೀತಿಯಿಂದ ಕರ್ನಾಟಕ ತನ್ನ ಗಡಿಗಳನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಭೀತಿ ಸುಳ್ಳಾಗಿರಲಿಲ್ಲ, ಆ ದಿನಗಳಲ್ಲಿ ಕಾಸರಗೋಡಿನಲ್ಲಿ ಸೋಂಕಿತರ ಸಂಖ್ಯೆ ಏರುತ್ತಿತ್ತು. ಆದರೆ ಸೋಂಕಿನ ಜೊತೆಗೆ ಹೃದಯದ ನೋವೂ ಮೂತ್ರಪಿಂಡದ ರೋಗವೂ ಹೆರಿಗೆಯೂ ತಡೆಯಲ್ಪಟ್ಟವು. ದಾರಿ ಸಿಗದೆ ಆಂಬ್ಯುಲೆನ್ಸಿನಲ್ಲಿ, ಮನೆಯಲ್ಲಿ ಕೊನೆಯುಸಿರೆಳೆದವರ ಸುದ್ದಿಗಳು ದಿನದಿನವೂ ಪತ್ರಿಕೆಗಳಲ್ಲಿ ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಗಳನ್ನು ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಸೂಚಿಸಿದ ದಾರಿ ಗಮನಾರ್ಹವಾದುದು. ಕೇಂದ್ರ ಆರೋಗ್ಯ ಕಾರ್ಯದರ್ಶಿಯೂ ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೂ ಒಟ್ಟಿಗೆ ಕುಳಿತು, ತುರ್ತು ಚಿಕಿತ್ಸೆ ಬೇಕಾದವರು ತಲಪಾಡಿಯನ್ನು ದಾಟಲು ನಿಯಮಗಳನ್ನು ರೂಪಿಸಬೇಕು ಎಂದಿತು. ಏಪ್ರಿಲ್ 7ರಂದು, ಒಮ್ಮತ ಮೂಡಿದೆ, ನಿಯಮಗಳು ಸಿದ್ಧವಾಗಿವೆ ಎಂದು ನ್ಯಾಯಾಲಯಕ್ಕೆ ತಿಳಿಸಲಾಯಿತು, ಪ್ರಕರಣ ಮುಗಿಯಿತು.

ನಾಲ್ಕು ದಿನ. ಇಷ್ಟರಲ್ಲಿ ಬಗೆಹರಿಯಬಹುದಾಗಿದ್ದ ವಿಷಯ ಅದಕ್ಕೆ ಮುಂಚಿನ ಮೂವತ್ತಾರು ವರ್ಷಗಳಲ್ಲಿ ಒಮ್ಮೆಯೂ ಮೇಜಿನ ಮೇಲೆ ಬಂದಿರಲಿಲ್ಲ. ಬಂದದ್ದೂ ಪ್ರಕರಣದೊಡನೆಯೇ ಮುಗಿಯಿತು. 2021ರಲ್ಲಿ ಗಡಿ ದಾಟಲು ಆರ್‌ಟಿಪಿಸಿಆರ್ ಪ್ರಮಾಣಪತ್ರ ಬೇಕೆಂಬ ನಿಬಂಧನೆ ಬಂದಾಗ ಮತ್ತೆ ತಲಪಾಡಿಯಲ್ಲಿ ವಾಗ್ವಾದ, ಮತ್ತೆ ಪ್ರತಿಭಟನೆ, ಮತ್ತೆ ನ್ಯಾಯಾಲಯದ ಮೆಟ್ಟಿಲು. ಆಪತ್ತಿನಲ್ಲಿ ಹುಟ್ಟಿದ ಸಮಿತಿ ಆಪತ್ತಿನೊಡನೆ ಕರಗಿದರೆ ಮುಂದಿನ ಆಪತ್ತಿಗೆ ಅದರ ಅನುಭವ ಉಳಿಯುವುದಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳು, ಎರಡೂ ಜಿಲ್ಲೆಗಳ ವೈದ್ಯಾಧಿಕಾರಿಗಳು, ರೋಗಿಗಳ ಪರವಾಗಿ ಮಾತನಾಡಬಲ್ಲ ಒಬ್ಬಿಬ್ಬರು ಮೂರು ತಿಂಗಳಿಗೊಮ್ಮೆ ಕೂಡಿ ಈ ದಾರಿಯ ಲೆಕ್ಕ ನೋಡುವ ಒಂದು ಶಾಶ್ವತ ಸಮಿತಿಗೆ ಯಾವ ರಾಜ್ಯದ ಅಭಿಮಾನವೂ ಅಡ್ಡಿಯಾಗಬೇಕಾಗಿಲ್ಲ. ನದಿನೀರಿಗೆ ರಾಜ್ಯಗಳ ನಡುವೆ ಸಮಿತಿಗಳಿರುವ ದೇಶದಲ್ಲಿ ರೋಗಿಗಳಿಗಾಗಿ ಒಂದು ಸಮಿತಿ ಇರುವುದು ವಿಚಿತ್ರವೇನಲ್ಲ.

ಹಾಗೆಂದು ಸಮಿತಿ ಇದ್ದರೆ ಸಾಕೆಂದು ತಿಳಿಯುವಂತೆಯೂ ಇಲ್ಲ. ಇದಕ್ಕೆ ನಿದರ್ಶನವೂ ಈ ಜಿಲ್ಲೆಯಲ್ಲಿಯೇ ಇದೆ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಮನೆಗಳು ಇಂದಿಗೂ ಉಣ್ಣುತ್ತಿವೆ. ಒಂದೇ ಊರಿನಲ್ಲಿ ಇಷ್ಟೊಂದು ಬಗೆಯ ಕಾಯಿಲೆಗಳೇಕೆ ಎಂದು ಮೊದಲು ಲೆಕ್ಕವಿಟ್ಟು ಕೇಳಿದವರಲ್ಲಿ ಪಡ್ರೆ ಗ್ರಾಮದ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಪ್ರಮುಖರು. ಸರಕಾರದ ಸಮಿತಿಗಳೆಲ್ಲ ಆ ಬಳಿಕ ಬಂದವು. ಸಂತ್ರಸ್ತರನ್ನು ಗುರುತಿಸಲು ವೈದ್ಯಕೀಯ ಶಿಬಿರಗಳಾದವು, ಪುನರ್ವಸತಿಗೆ ಜಿಲ್ಲಾ ಮಟ್ಟದ ಘಟಕ ರೂಪುಗೊಂಡಿತು, ಮಂಗಳೂರಿನ ಆಯ್ದ ಆಸ್ಪತ್ರೆಗಳೂ ಸೇರಿದಂತೆ ಉಚಿತ ಚಿಕಿತ್ಸೆಯ ಏರ್ಪಾಡಾಯಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಪ್ರತಿಯೊಬ್ಬ ಸಂತ್ರಸ್ತರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷಗಳ ಅನಂತರ, 2022ರ ಮೇ 13ರಂದು, ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕ ಹೀಗಿತ್ತು: 3,704 ಸಂತ್ರಸ್ತರಲ್ಲಿ ಪರಿಹಾರ ದೊರೆತದ್ದು 8 ಮಂದಿಗೆ, ಆ ಎಂಟು ಮಂದಿಯೂ ನ್ಯಾಯಾಲಯಕ್ಕೆ ಮತ್ತೆ ಹೋದವರು. ಆಗ ನ್ಯಾಯಾಲಯ ಮುಖ್ಯ ಕಾರ್ಯದರ್ಶಿಯೇ ತಿಂಗಳಿಗೊಮ್ಮೆ ಸಭೆ ನಡೆಸಿ, ಸಂತ್ರಸ್ತರ ಪಟ್ಟಿ, ಪರಿಹಾರ ವಿತರಣೆ, ಚಿಕಿತ್ಸಾ ಸೌಲಭ್ಯ ಮೂರನ್ನೂ ನೋಡಬೇಕೆಂದು ವಿಧಿಸಿತು.

ಇಲ್ಲಿ ಯೋಜನೆಯ ಕೊರತೆಯಿರಲಿಲ್ಲ, ಆದೇಶದ ಕೊರತೆಯೂ ಇರಲಿಲ್ಲ. ಆದೇಶ ಮನೆ ಮುಟ್ಟಿತೇ ಎಂದು ಗಡುವಿನೊಳಗೆ ಕೇಳುವವರ ಕೊರತೆಯಿತ್ತು. ಆ ಕೆಲಸಕ್ಕೆ ಕೊನೆಗೆ ದೇಶದ ಅತ್ಯುನ್ನತ ನ್ಯಾಯಾಲಯವೇ ತಾರೀಖು ಪಟ್ಟಿ ಹಾಕಿಕೊಡಬೇಕಾಯಿತು.

ಒಳ್ಳೆಯ ಮೇಲ್ವಿಚಾರಣಾ ಸಮಿತಿ ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ಈ ತಿಂಗಳು ಎಷ್ಟು ಮಂದಿಯನ್ನು ಬೇರೆಡೆಗೆ ಕಳುಹಿಸಲಾಯಿತು? ಯಾವ ಕಾರಣಕ್ಕೆ, ವೈದ್ಯರಿಲ್ಲದ್ದಕ್ಕೋ, ಯಂತ್ರ ಕೆಟ್ಟದ್ದಕ್ಕೋ, ರೋಗದ ತೀವ್ರತೆಗೋ? ಕಳುಹಿಸುವ ಮುನ್ನ ಅತ್ತ ದೂರವಾಣಿಯಲ್ಲಿ ತಿಳಿಸಿ ಹಾಸಿಗೆ ಇದೆಯೆಂದು ಖಚಿತಪಡಿಸಿಕೊಳ್ಳಲಾಯಿತೇ? ಹೋದವರಲ್ಲಿ ತಲಪಿದವರೆಷ್ಟು, ದಾರಿಯಲ್ಲಿಯೇ ಹಿಂದಿರುಗಿದವರೆಷ್ಟು? ಚಿಕಿತ್ಸೆ ಮುಗಿದ ಮೇಲೆ ಅತ್ತಣ ವೈದ್ಯರ ಮರುಚೀಟಿ ಊರಿನ ಆರೋಗ್ಯ ಕೇಂದ್ರಕ್ಕೆ ಬಂದಿತೇ? ಕೊನೆಯ ಎರಡು ಪ್ರಶ್ನೆಗಳೇ ಮುಖ್ಯವಾದವು, ಅವುಗಳಿಗೇ ದಾಖಲೆ ಪುಸ್ತಕದಲ್ಲಿ ಅಂಕಣ ಇಲ್ಲದಿರುವುದು ಹೆಚ್ಚು. ಕಳುಹಿಸಿದ್ದನ್ನು ಮಾತ್ರ ಎಣಿಸುವ ಸಮಿತಿ, ಬಿತ್ತಿದ ಬೀಜವನ್ನು ಎಣಿಸಿ ಬೆಳೆಯ ಲೆಕ್ಕ ಬರೆದಂತೆ.

ಸಮಿತಿಯಲ್ಲಿ ಯಾರಿರಬೇಕು ಎಂಬುದೂ ಅಷ್ಟೇ ಮಹತ್ವದ್ದು. ಚೀಟಿಯ ಹಿಂದೆ ಹಣವಿದೆ. ಕರ್ನಾಟಕದಲ್ಲಿ 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿದ್ದರೆ ಮಾತ್ರ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ನೆರವು ಎಂಬ ನಿಯಮವನ್ನಿಟ್ಟರು. ಹೀಗೆ ಒಂದು ಸಹಿಗೆ ಬೆಲೆ ಬಂದ ಕಡೆಯಲ್ಲಿ ಆ ಸಹಿಯ ಮೇಲೆ ಕಣ್ಣೂ ಬೇಕು. ರೋಗಿಯನ್ನು ಕಳುಹಿಸಿದ್ದಕ್ಕಾಗಿ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳು ನಿಷೇಧಿಸಿವೆ. ರೋಗಿಗಳು ಎಲ್ಲಿಗೆ ಹೋಗುತ್ತಾರೋ ಅಲ್ಲಿಯ ಲಾಭದಲ್ಲಿ ಪಾಲಿರುವವನು ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಕುಳಿತುಕೊಳ್ಳಬಾರದು. ಕುಳಿತರೂ ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದೆಂಬ ನ್ಯಾಯಶಾಸ್ತ್ರದ ಮೊದಲ ಪಾಠವೇ ಇದು.

ಸಮಿತಿಯ ಕಣ್ಣು ಎಂದರೆ ಪೊಲೀಸರ ಕಣ್ಣು ಎಂದೂ ಅರ್ಥವಲ್ಲ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ರಾಜ್ಯದ ತಾಯಂದಿರ ಮರಣಗಳ ಗೌಪ್ಯ ಪರಿಶೀಲನೆ ನಡೆಸುತ್ತ ಬಂದಿದೆ. ಅಲ್ಲಿ ತಾಯಿಯ ಹೆಸರಿರುವುದಿಲ್ಲ, ವೈದ್ಯರ ಹೆಸರಿರುವುದಿಲ್ಲ, ಆಸ್ಪತ್ರೆಯ ಹೆಸರಿರುವುದಿಲ್ಲ. ಏನಾಯಿತು, ಏನು ಮಾಡಿದ್ದರೆ ಆ ಜೀವ ಉಳಿಯುತ್ತಿತ್ತು ಎಂಬುದಷ್ಟೇ ಚರ್ಚೆ. ಶಿಕ್ಷೆಯ ಭಯವಿದ್ದಲ್ಲಿ ಸತ್ಯ ಅಡಗುತ್ತದೆ. ಕಲಿಕೆಯ ಉದ್ದೇಶವಿದ್ದಲ್ಲಿ ಹೊರಬರುತ್ತದೆ. ನಿರ್ಲಕ್ಷ್ಯಕ್ಕೆ ಶಿಕ್ಷೆ ಬೇಕಾದಲ್ಲಿ ನ್ಯಾಯಾಲಯಗಳಿವೆ. ಸಮಿತಿಯ ಕೆಲಸ ಮುಂದಿನ ರೋಗಿಯನ್ನು ಉಳಿಸುವುದು.

ಗಡಿನಾಡಿನ ಕನ್ನಡ ಕುಟುಂಬಗಳಿಗೆ ಇದರಲ್ಲಿ ಭಾಷೆಯ ಮುಖವೂ ಒಂದಿದೆ. ಕೈಯಲ್ಲಿರುವ ಚೀಟಿಯನ್ನು ತಾನೇ ಓದಲಾಗದ ರೋಗಿ ಅರ್ಧ ಕುರುಡನಿದ್ದಂತೆ. ಮಲಯಾಳದಲ್ಲಿ ಹೇಳಿದ ಪಥ್ಯವೂ ಇಂಗ್ಲಿಷಿನಲ್ಲಿ ಬರೆದ ಔಷಧದ ವಿಧಾನವೂ ಕನ್ನಡ ಮಾತ್ರ ಬಲ್ಲ ತಾಯಿಗೆ ತಲಪುವುದು ಮಗನ ಮೂಲಕ, ಕೆಲವೊಮ್ಮೆ ಕನ್ನಡ ಶಾಲೆಯ ಮೇಷ್ಟ್ರ ಮೂಲಕ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಮತ್ತು ಅದರ ತಿದ್ದುಪಡಿಯು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ವ್ಯವಹರಿಸುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಮನ್ನಿಸಿದೆ. ಕುಂದುಕೊರತೆಯ ಮನವಿಯನ್ನು ದೇಶದ ಅಥವಾ ರಾಜ್ಯದ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಈ ಹಕ್ಕುಗಳನ್ನು ಶಾಲೆಯ ಅಧ್ಯಾಪಕರ ನೇಮಕಾತಿಯ ಹೋರಾಟಗಳಲ್ಲಿ ಕಾಸರಗೋಡಿನ ಕನ್ನಡಿಗರು ಚೆನ್ನಾಗಿ ಬಳಸಿದ್ದಾರೆ. ಆಸ್ಪತ್ರೆಯ ಜಗಲಿಯಲ್ಲಿಯೂ ಅವು ಅಷ್ಟೇ ಸಲ್ಲುತ್ತವೆ.

ಅಧಿಕಾರವೂ ದೂರದಲ್ಲಿಲ್ಲ. ಕೇರಳದಲ್ಲಿ ವಿಕೇಂದ್ರೀಕರಣವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತ್‌ಗಳ, ತಾಲೂಕು ಮಟ್ಟದವು ಬ್ಲಾಕ್ ಪಂಚಾಯತ್ ಅಥವಾ ನಗರಸಭೆಗಳ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತ್‌ನ ವಶಕ್ಕೆ ಬಂದವು. ಆಸ್ಪತ್ರೆ ನಿರ್ವಹಣಾ ಸಮಿತಿಯಲ್ಲಿ ಕುಳಿತುಕೊಳ್ಳುವವರು ಮತ ಕೇಳಲು ಅಂಗಳಕ್ಕೆ ಬಂದವರೇ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ವಿಭಾಗದ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಸಮಿತಿಗಳಾವುವು, ಅವುಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿ ನೋಡಲು ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಕೇಳಿದ ಮಾಹಿತಿಗೆ 30 ದಿನಗಳೊಳಗೆ ಉತ್ತರ ಬರಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳೊಳಗೆ.

ಕನ್ನಡ ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳಲ್ಲಿ ಕುಳಿತು ಅಭ್ಯಾಸವಿರುವ ಹೆತ್ತವರಿಗೆ ಇಂತಹ ಕೆಲಸ ಹೊಸತಲ್ಲ. ಮಕ್ಕಳ ಹಾಜರಿ, ಮಧ್ಯಾಹ್ನದ ಊಟದ ಅಕ್ಕಿ, ಖಾಲಿ ಬಿದ್ದಿರುವ ಅಧ್ಯಾಪಕ ಹುದ್ದೆ ಮುಂತಾದವುಗಳ ಲೆಕ್ಕವನ್ನು ಅವರು ಕೇಳಿ ಪಡೆಯಬಲ್ಲರು. ಶಾಲೆ ಬಿಟ್ಟ ಮಗು ಎಲ್ಲಿಗೆ ಹೋಯಿತೆಂದು ವರ್ಗಾವಣೆ ಪತ್ರದ ಬೆನ್ನುಹಿಡಿದು ವಿಚಾರಿಸುವ ಮುಖ್ಯೋಪಾಧ್ಯಾಯರು ಎಷ್ಟೋ ಮಂದಿ ಇದ್ದಾರೆ. ಆಸ್ಪತ್ರೆಯ ಚೀಟಿಗೂ ಅದೇ ಶ್ರದ್ಧೆ ಸಲ್ಲಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದಾರಿದೀಪ, ಕುಡಿಯುವ ನೀರಿನ ವಿಷಯ ಮುಗಿದ ಬಳಿಕ ಯಾರಾದರೊಬ್ಬರು ಎದ್ದುನಿಂತು, ಕಳೆದ ಮೂರು ತಿಂಗಳಲ್ಲಿ ನಮ್ಮ ಆರೋಗ್ಯ ಕೇಂದ್ರದಿಂದ ಮಂಗಳೂರಿಗೂ ಪರಿಯಾರಕ್ಕೂ ಕಳುಹಿಸಿದವರಲ್ಲಿ ಎಷ್ಟು ಮಂದಿ ತಲಪಿದರು, ಎಷ್ಟು ಮರುಚೀಟಿಗಳು ಬಂದಿವೆ ಎಂದು ಕೇಳಬಹುದು. ಮೊದಲ ಸಲ ಉತ್ತರ ಸಿಗಲಾರದು. ಆ ಪ್ರಶ್ನೆ ನಡಾವಳಿಯಲ್ಲಿ ಕನ್ನಡದಲ್ಲಿ ದಾಖಲಾಗಲಿ. ಎರಡನೆಯ ಸಲ ಕೇಳುವಾಗ ಯಾರಾದರೂ ಒಂದು ಪುಸ್ತಕ ತೆರೆದು ಬರೆದಿಡಲು ಆರಂಭಿಸಿರುತ್ತಾರೆ.